ಸಿವಿಲ್ ಜಡ್ಜ್ ಪರೀಕ್ಷೆಗೆ ಕೋರ್ಟ್ ಬಿಟ್ಟು ಓದಬೇಡಿ, ಕೋರ್ಟಿನಲ್ಲೇ ಓದಿ

ಸಿವಿಲ್ ಜಡ್ಜ್ ಹುದ್ದೆಗೆ ಹೈಕೋರ್ಟಿನಿಂದ ಅಧಿಸೂಚನೆ ಬಂತು ಅಂದರೆ ಸಾಕು, ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿನ ಕಾರಿಡಾರಿನಲ್ಲಿ ಜೂನಿಯರ್ ವಕೀಲರ ಮಾತೇ ಬದಲಾಗುತ್ತದೆ. ಯಾವ ಕೋಚಿಂಗ್ ಸೇರೋದು, ಯಾರ ನೋಟ್ಸ್ ಚೆನ್ನಾಗಿದೆ, ಸೀನಿಯರ್ ಹತ್ರ ಆರು ತಿಂಗಳು ರಜೆ ಕೇಳೋದು ಹೇಗೆ. ನಮ್ಮ ಆಫೀಸಿನ ಮಕ್ಕಳೂ ಇದನ್ನೇ ಕೇಳುತ್ತಾರೆ. ನಾನು ಈ ಪರೀಕ್ಷೆ ಎರಡು ಸಲ ಬರೆದೆ. ಮೊದಲ ಸಲ ಕೋರ್ಟಿಗೆ ಹೋಗುವುದನ್ನೇ ಬಿಟ್ಟು ರೂಮಿನಲ್ಲಿ ಕೂತು ಓದಿದೆ, ಮುಖ್ಯ ಪರೀಕ್ಷೆಯಲ್ಲಿ ಬಿದ್ದೆ. ಎರಡನೇ ಸಲ ಒಂದು ದಿನವೂ ಕೋರ್ಟ್ ತಪ್ಪಿಸದೆ ಓದಿದೆ, ಸಂದರ್ಶನದವರೆಗೆ ಹೋದೆ. ಅಲ್ಲಿ ಆಗಲಿಲ್ಲ, ಅಷ್ಟರಲ್ಲಿ ವಯಸ್ಸೂ ಮೀರಿತು. ಆಮೇಲೆ ನಮ್ಮ ಆಫೀಸಿನಿಂದ ಇಬ್ಬರು ಆಯ್ಕೆಯಾದರು. ಅವರಿಬ್ಬರೂ ಕೊನೆಯ ವಾರದವರೆಗೆ ವಾಯ್ದೆಗೆ ಹೋಗುತ್ತಿದ್ದವರೇ. ಇದನ್ನೆಲ್ಲ ನೋಡಿದ ಮೇಲೆ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ವಿಚಾರಣಾ ನ್ಯಾಯಾಲಯದ ಜಡ್ಜ್ ಆಗಬೇಕಾದರೆ ವಕೀಲರು ಚುನಾವಣೆಗೆ ನಿಲ್ಲುತ್ತಾರೆ. ಮನೆ ಮನೆಗೆ ಹೋಗುತ್ತಾರೆ, ಹೆಸರಿನ ಬೋರ್ಡು ನೆಡಿಸುತ್ತಾರೆ, ವೋಟು ಕೇಳುತ್ತಾರೆ. ಫ್ಲಾರಿಡಾದಲ್ಲಿ ಕೌಂಟಿ ಜಡ್ಜ್ ಸ್ಥಾನಕ್ಕೆ ನಿಂತಿದ್ದ ವಕೀಲೆಯೊಬ್ಬರು ಪ್ರಚಾರಕ್ಕೆ ಹಣ ಕೇಳಿ ತಾವೇ ಸಹಿ ಹಾಕಿ ಪತ್ರ ಕಳಿಸಿದ್ದರು. ಅದಕ್ಕೆ ಅವರ ಮೇಲೆ ಶಿಸ್ತು ಕ್ರಮ ಆಯಿತು, 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಅದು ಸರಿ ಎಂದಿತು. ವೋಟು ಕೇಳಬಹುದು, ಆದರೆ ಜಡ್ಜ್ ಆಗುವವರು ಸ್ವತಃ ಕೈಚಾಚಿ ಹಣ ಕೇಳಿದರೆ ಜನರಿಗೆ ಕೋರ್ಟಿನ ಮೇಲಿನ ನಂಬಿಕೆ ಹೋಗುತ್ತದೆ ಅನ್ನುವುದು ಅಲ್ಲಿನ ತರ್ಕ. ನಮ್ಮಲ್ಲಿ ವೋಟೂ ಇಲ್ಲ, ಪ್ರಚಾರವೂ ಇಲ್ಲ. ಹೈಕೋರ್ಟ್ ಪರೀಕ್ಷೆ ನಡೆಸಿ ಆಯ್ಕೆ ಮಾಡುತ್ತದೆ, ಸಂವಿಧಾನದ 234ನೇ ವಿಧಿಯಂತೆ ರಾಜ್ಯಪಾಲರು ನೇಮಕ ಮಾಡುತ್ತಾರೆ, 235ನೇ ವಿಧಿಯಂತೆ ಮುಂದೆ ಎಲ್ಲ ಹೈಕೋರ್ಟಿನ ಹತೋಟಿಯಲ್ಲಿ ಇರುತ್ತದೆ. ನೀವು ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ. ಯಾರಾದರೂ "ನನಗೆ ಅಲ್ಲಿ ಗೊತ್ತಿರೋರು ಇದ್ದಾರೆ, ನೋಡ್ಕೊಳ್ತೀನಿ" ಅಂದರೆ ಅಲ್ಲಿಂದ ಎದ್ದು ಬನ್ನಿ, ಆ ನಂಬರನ್ನು ಫೋನಿನಿಂದಲೂ ತೆಗೆದುಹಾಕಿ.

ಮೊದಲು ಅರ್ಹತೆ. ಕಾನೂನು ಪದವಿ ಇರಬೇಕು, ವಕೀಲರಾಗಿ ನೋಂದಣಿ ಆಗಿರಬೇಕು. ಅದರ ಜೊತೆಗೆ 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮೂರು ವರ್ಷ ವಕೀಲಿಕೆ ಕಡ್ಡಾಯ ಎಂದು ತೀರ್ಪು ಕೊಟ್ಟಿತು. ಇದು ಹೊಸ ಷರತ್ತೇನೂ ಅಲ್ಲ. ಮೊದಲು ಇತ್ತು, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಆಯೋಗದ ಶಿಫಾರಸಿನ ಮೇಲೆ 2002ರಲ್ಲಿ ತೆಗೆದುಹಾಕಿದ್ದರು, ಈಗ ಮತ್ತೆ ಬಂದಿದೆ. ಲೆಕ್ಕ ಶುರುವಾಗುವುದು ತಾತ್ಕಾಲಿಕ ನೋಂದಣಿಯ ದಿನದಿಂದ, ಎಐಬಿಇ (ಅಖಿಲ ಭಾರತ ವಕೀಲರ ಪರೀಕ್ಷೆ) ಪಾಸಾದ ದಿನದಿಂದ ಅಲ್ಲ. ಜಡ್ಜ್‌ಗಳ ಹತ್ತಿರ ಲಾ ಕ್ಲರ್ಕ್ ಆಗಿ ಕೆಲಸ ಮಾಡಿದ ಅವಧಿಯೂ ಸೇರುತ್ತದೆ. ನಿಮ್ಮ ಕೋರ್ಟಿನ ಪ್ರಧಾನ ನ್ಯಾಯಾಧೀಶರು ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಕನಿಷ್ಠ 10 ವರ್ಷ ವಕೀಲಿಕೆ ಆಗಿರುವ ವಕೀಲರು ಕೊಟ್ಟು ಅದಕ್ಕೆ ಪ್ರಧಾನ ನ್ಯಾಯಾಧೀಶರ ದೃಢೀಕರಣ ಬೇಕು.

ಈ ಷರತ್ತಿನ ಬಗ್ಗೆ ಜೂನಿಯರ್‌ಗಳಿಗೆ ಬೇಜಾರಿದೆ, ನನಗೆ ಗೊತ್ತು. ತಿಂಗಳಿಗೆ ಸಿಗುವ ಅಷ್ಟಿಷ್ಟು ದುಡ್ಡಿನಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿಕೊಂಡು ಮೂರು ವರ್ಷ ದೂಡುವುದು ಸುಲಭವಲ್ಲ, ಅದರಲ್ಲೂ ಹಳ್ಳಿಯಿಂದ ಬಂದ ಹುಡುಗಿಯರಿಗೆ ಮನೆಯವರ ಒತ್ತಡ ಬೇರೆ. ಸೀನಿಯರ್‌ಗಳಾದ ನಾವು ಜೂನಿಯರ್‌ಗೆ ಸರಿಯಾಗಿ ದುಡ್ಡು ಕೊಡದೆ "ಕಲಿಯೋ ಕಾಲ ಇದು" ಅನ್ನುವುದು ತಪ್ಪು. ಆದರೂ ಷರತ್ತು ಸರಿಯೇ ಇದೆ ಎಂದು ನಾನು ಅಂದುಕೊಂಡಿದ್ದೇನೆ. ಕಾರಣ ಮುಂದೆ ಓದುತ್ತಾ ನಿಮಗೇ ಗೊತ್ತಾಗುತ್ತದೆ.

ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ: ಡೈರಿ. ಪ್ರತಿ ದಿನ ಯಾವ ಕೋರ್ಟ್ ಹಾಲ್, ಯಾವ ಕೇಸ್ ನಂಬರ್, ಯಾವ ಹಂತ, ನೀವು ಏನು ಮಾಡಿದಿರಿ, ಸುಮ್ನೆ ವಾಯ್ದೆ ತಗೊಂಡರೂ ಬರೆದಿಡಿ. ವಕಾಲತ್ತಿನಲ್ಲಿ ನಿಮ್ಮ ಹೆಸರೂ ಇರಲಿ ಎಂದು ಸೀನಿಯರ್ ಹತ್ತಿರ ಕೇಳಿ, ಸಂಕೋಚ ಬೇಡ. ನಿಮ್ಮ ಹೆಸರು ಬಂದಿರುವ ಆರ್ಡರ್ ಶೀಟಿನ ಪ್ರತಿಗಳನ್ನು ಒಂದು ಫೈಲಿನಲ್ಲಿ ಇಡಿ. ಮೂರು ವರ್ಷ ಆದ ಮೇಲೆ ಒಂದೇ ವಾರದಲ್ಲಿ ಇದನ್ನೆಲ್ಲ ಹುಡುಕಲು ಹೋದರೆ ಕಣ್ಣಲ್ಲಿ ನೀರು ಬರುತ್ತದೆ.

ಪರೀಕ್ಷೆ ಹೀಗಿದೆ. ಪೂರ್ವಭಾವಿ ಪರೀಕ್ಷೆ 100 ಅಂಕ, ಎರಡು ಗಂಟೆ, ಬಹುಆಯ್ಕೆ ಪ್ರಶ್ನೆಗಳು. ಮುಖ್ಯ ಪರೀಕ್ಷೆ ನಾಲ್ಕು ಪತ್ರಿಕೆ, ತಲಾ 100 ಅಂಕ: ಒಂದು ಅನುವಾದ, ಮೂರು ಕಾನೂನು. ಆಮೇಲೆ ಸಂದರ್ಶನ, ಕಂಪ್ಯೂಟರ್ ಪರೀಕ್ಷೆ. ಪೂರ್ವಭಾವಿಯಲ್ಲಿ ಸಾಮಾನ್ಯ ವರ್ಗಕ್ಕೆ 60, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 50 ಅಂಕ ಬೇಕು. ಅಷ್ಟು ಬಂದರೂ ಒಂದು ಹುದ್ದೆಗೆ ಹತ್ತು ಜನರನ್ನು ಮಾತ್ರ ಮುಂದಕ್ಕೆ ಬಿಡುತ್ತಾರೆ. ಆ ಅಂಕ ಕೊನೆಯ ಪಟ್ಟಿಗೆ ಸೇರುವುದಿಲ್ಲ. ಹುದ್ದೆ ಎಷ್ಟು, ಮೀಸಲಾತಿ ಹೇಗೆ, ವಯಸ್ಸಿನ ಮಿತಿ ಎಷ್ಟು ಎಂಬುದನ್ನು ಹೈಕೋರ್ಟಿನ ಸ್ವಂತ ವೆಬ್‌ಸೈಟಿನಲ್ಲಿರುವ ಅಧಿಸೂಚನೆಯಲ್ಲೇ ಓದಿ. ವಾಟ್ಸಾಪ್ ಗುಂಪಿನಲ್ಲಿ ಬಂದ ಪಿಡಿಎಫ್ ಹಳೆಯದಾಗಿರಬಹುದು.

ಪೂರ್ವಭಾವಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂಲ ಕಾಯ್ದೆ ಪುಸ್ತಕ ಓದಿ, ಗೈಡ್ ಬೇಡ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ), ಕರಾರು ಕಾಯ್ದೆ, ಸ್ವತ್ತು ವರ್ಗಾವಣೆ ಕಾಯ್ದೆ, ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, ನಿರ್ದಿಷ್ಟ ಪರಿಹಾರ ಕಾಯ್ದೆ, ಸಂವಿಧಾನ, ಕರ್ನಾಟಕ ಬಾಡಿಗೆ ಕಾಯ್ದೆ, ಜೊತೆಗೆ ಕ್ರಿಮಿನಲ್ ಕಾನೂನುಗಳು. ಸಾಮಾನ್ಯ ಜ್ಞಾನಕ್ಕೆ ದಿನಪತ್ರಿಕೆ ಸಾಕು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ.

ಹೆಚ್ಚು ಜನ ಬೀಳುವುದು ಮುಖ್ಯ ಪರೀಕ್ಷೆಯಲ್ಲಿ, ಅದರಲ್ಲೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಅನುವಾದ ಪತ್ರಿಕೆಯಲ್ಲಿ. ಪ್ರತಿ ಪತ್ರಿಕೆಗೂ ಪ್ರತ್ಯೇಕವಾಗಿ ಕನಿಷ್ಠ ಅಂಕ ಇರುವುದರಿಂದ ಒಂದರಲ್ಲಿ ಬಿದ್ದರೆ ಉಳಿದ ಮೂರರಲ್ಲಿ ಎಷ್ಟು ಚೆನ್ನಾಗಿ ಬರೆದರೂ ಉಪಯೋಗವಿಲ್ಲ. ನಾನು ಮೊದಲ ಸಲ ಬಿದ್ದದ್ದು ಇಲ್ಲೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಪಹಣಿ, ಪೋಡಿ, ಖರಾಬು, ಚೆಕ್ಕುಬಂದಿ ಇವುಗಳಿಗೆ ಇಂಗ್ಲಿಷಿನಲ್ಲಿ ಏನು ಬರೆಯಬೇಕು ಎಂದು ಗೊತ್ತಿರುವುದಿಲ್ಲ. ಕನ್ನಡ ಮೀಡಿಯಂನವರಿಗೆ ಇಂಗ್ಲಿಷ್ ದಾವಾಪತ್ರದ ಅರ್ಧ ಪುಟದಷ್ಟು ಉದ್ದದ ಒಂದು ವಾಕ್ಯವನ್ನು ಮುರಿದು ಕನ್ನಡಕ್ಕೆ ತರುವುದು ಕಷ್ಟ. ಎರಡೂ ಕಡೆಯವರಿಗೆ ಎಡವುವ ಜಾಗ ಇನ್ನೊಂದಿದೆ. ಪಾಟಿ ಸವಾಲಿನಲ್ಲಿ, ಅಂದರೆ ಎದುರು ವಕೀಲರು ಪ್ರಶ್ನಿಸುವಾಗ, ಸಾಕ್ಷಿ ಹೇಳುವ "ಎಂದರೆ ಸರಿಯಲ್ಲ" ಎನ್ನುವ ಮಾತು. "ನಾನು ಪ್ರತಿವಾದಿಗೆ ಹಣವನ್ನೇ ಕೊಟ್ಟಿಲ್ಲ ಎಂದರೆ ಸರಿಯಲ್ಲ." ಇದರ ಅರ್ಥ, ಹಣ ಕೊಟ್ಟಿದ್ದೇನೆ ಅಂತ. ಎದುರು ವಕೀಲರು ಮುಂದಿಟ್ಟ ಮಾತನ್ನು ಸಾಕ್ಷಿ ನಿರಾಕರಿಸುತ್ತಿದ್ದಾರೆ. ಪರೀಕ್ಷೆಯ ಅವಸರದಲ್ಲಿ ನಾನು ಇಂಥದ್ದೇ ಒಂದು ವಾಕ್ಯದಲ್ಲಿ ಒಂದು "ಇಲ್ಲ" ಬಿಟ್ಟು ಬರೆದು ಬಂದೆ, ಅರ್ಥ ತಲೆಕೆಳಗಾಯಿತು. ಪರೀಕ್ಷೆಯಲ್ಲಾದರೆ ಹೋಗುವುದು ಅಂಕ. ತೀರ್ಪಿನಲ್ಲಿ ಹಾಗೆ ಆದರೆ ಯಾರದೋ ಜಮೀನು ಹೋಗುತ್ತದೆ.

ಇದಕ್ಕೆ ಅಭ್ಯಾಸ ನಿಮ್ಮ ಆಫೀಸಿನ ಕಪಾಟಿನಲ್ಲೇ ಇದೆ. ಒಂದು ಮುಗಿದ ಫೈಲ್ ತೆಗೆಯಿರಿ. ಸಾಕ್ಷಿ ಹೇಳಿಕೆಯ ಒಂದು ಪುಟವನ್ನು ಇಂಗ್ಲಿಷಿಗೆ ಮಾಡಿ, ಮರುದಿನ ಕನ್ನಡ ಮೂಲ ನೋಡದೆ ನಿಮ್ಮ ಇಂಗ್ಲಿಷನ್ನೇ ಮತ್ತೆ ಕನ್ನಡಕ್ಕೆ ತನ್ನಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎಲ್ಲಿ ಅರ್ಥ ಜಾರಿದೆ ಎಂದು ತಾನಾಗಿ ಕಾಣುತ್ತದೆ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಮಹಜರು, ದೂರು ಹೀಗೆ ಬೇರೆ ಬೇರೆ ದಾಖಲೆ ಆರಿಸಿ. ದಿನಕ್ಕೆ ಒಂದೇ ಪುಟ, ಆದರೆ ತಪ್ಪದೆ. ಕೈಬರಹದಲ್ಲೇ ಮಾಡಿ. ಫೋನಿನಲ್ಲಿ ಟೈಪ್ ಮಾಡಿ ಅಭ್ಯಾಸವಾದವರಿಗೆ ಮೂರು ಗಂಟೆ ಪೆನ್ನು ಹಿಡಿದರೆ ಬೆರಳು ನೋಯುತ್ತದೆ, ಕನ್ನಡದ ಒತ್ತಕ್ಷರಗಳೂ ತಪ್ಪುತ್ತವೆ.

ಇನ್ನು ತೀರ್ಪು ಬರೆಯುವುದು. ಪರೀಕ್ಷೆಯಲ್ಲಿ ದಾವಾಪತ್ರ, ಪ್ರತಿವಾದಿಯ ತಕರಾರು, ಸಾಕ್ಷ್ಯ ಕೊಟ್ಟು ವಾದಾಂಶ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳು) ರಚಿಸಿ ತೀರ್ಪು ಬರೆಯಿರಿ ಅನ್ನುತ್ತಾರೆ. ಕ್ರಿಮಿನಲ್ ಪತ್ರಿಕೆಯಲ್ಲಿ ದೋಷಾರೋಪ ರಚಿಸಿ ತೀರ್ಪು ಬರೆಯಬೇಕು. ವಕೀಲರಾದ ನಮಗೆ ಇದು ಕಷ್ಟವಾಗುವುದು ಏಕೆಂದರೆ ನಮ್ಮ ತಲೆ ಓದಿದ ತಕ್ಷಣ ಒಂದು ಕಡೆ ವಾಲುತ್ತದೆ. ವಾದಿಯ ಕಥೆ ಮೊದಲು ಓದಿ, ಅದನ್ನೇ ನಂಬಿ, ಪ್ರತಿವಾದಿಯ ತಕರಾರನ್ನು ಎದುರಾಳಿಯ ಮಾತಿನ ಹಾಗೆ ನೋಡುತ್ತೇವೆ. ನಾನು ಜೂನಿಯರ್‌ಗಳಿಗೆ ಮಾಡಿಸುವುದು ಇಷ್ಟು: ಒಂದೇ ಕೇಸಿಗೆ ಇವತ್ತು ದಾವಾ ಡಿಕ್ರಿ ಮಾಡಿ, ಅಂದರೆ ವಾದಿಯ ಪರವಾಗಿ, ತೀರ್ಪು ಬರೆಯಿರಿ, ನಾಳೆ ಅದೇ ಕೇಸಿಗೆ ದಾವಾ ವಜಾ ಮಾಡಿ ಬರೆಯಿರಿ. ಎರಡನ್ನೂ ಬರೆದ ಮೇಲೆ ಯಾವುದರಲ್ಲಿ ಸಾಕ್ಷ್ಯವನ್ನು ಎಳೆದು ತಂದು ಕೂರಿಸಿದ್ದೀರಿ, ಯಾವುದರಲ್ಲಿ ಸಾಕ್ಷ್ಯ ತಾನಾಗಿ ಕೂತಿದೆ ಎಂದು ನಿಮ್ಮ ಕಣ್ಣಿಗೇ ಬೀಳುತ್ತದೆ.

ಚೌಕಟ್ಟು ಸಿಪಿಸಿ ಆದೇಶ 20, ನಿಯಮ 4ರಲ್ಲೇ ಇದೆ. ಕೇಸಿನ ಚಿಕ್ಕ ವಿವರ, ತೀರ್ಮಾನಿಸಬೇಕಾದ ಅಂಶಗಳು, ಆ ಬಗ್ಗೆ ತೀರ್ಮಾನ, ಅದಕ್ಕೆ ಕಾರಣ. ಕಾರಣಕ್ಕೇ ಅಂಕ ಜಾಸ್ತಿ. ಸುಮಾರು ಜನ ಎರಡೂ ಕಡೆಯ ಕಥೆಯನ್ನು ಆರು ಪುಟ ನಕಲು ಮಾಡಿ, ಕಾರಣಕ್ಕೆ ಬರುವ ಹೊತ್ತಿಗೆ ಟೈಮ್ ಮುಗಿದು "ಮೇಲಿನ ಕಾರಣಗಳಿಂದ" ಎಂದು ಬರೆದು ಮುಗಿಸುತ್ತಾರೆ. ಮೇಲೆ ಕಾರಣವೇ ಇರುವುದಿಲ್ಲ!

ವಾದಾಂಶ ರಚಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ರುಜುವಾತು ಮಾಡುವ ಹೊರೆ ಯಾರ ಮೇಲಿದೆ? ಬರೀ ಶಾಶ್ವತ ನಿರ್ಬಂಧಕಾಜ್ಞೆ ಕೇಳಿದ ದಾವಾ ಇದ್ದರೆ, ದಾವಾ ಹಾಕಿದ ದಿನ ವಾದಿ ಕಾನೂನುಬದ್ಧವಾಗಿ ಸ್ವಾಧೀನದಲ್ಲಿ ಇದ್ದರೇ, ಪ್ರತಿವಾದಿ ಅಡ್ಡಿ ಮಾಡಿದರೇ, ವಾದಿ ಕೇಳಿದ ಪರಿಹಾರ ಸಿಗಬೇಕೇ, ಏನು ಆದೇಶ. ಮಾಲೀಕತ್ವದ ಮೇಲೇ ಮೋಡ ಕವಿದಿದ್ದರೆ ಬರೀ ನಿರ್ಬಂಧಕಾಜ್ಞೆ ದಾವಾ ನಡೆಯುತ್ತದೆಯೇ ಎಂಬುದಕ್ಕೆ 2008ರ ಅನಾತುಲ ಸುಧಾಕರ್ ತೀರ್ಪನ್ನು ಬಾಯಿಪಾಠ ಮಾಡಬೇಡಿ, ಅರ್ಥ ಮಾಡಿಕೊಳ್ಳಿ. ಬೆಂಗಳೂರಿನ ಸುತ್ತಮುತ್ತಲಿನ ಸೈಟ್ ಜಗಳಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಚೆಕ್ ಬೌನ್ಸ್ ಕೇಸಿಗೆ 2010ರ ರಂಗಪ್ಪ, 2019ರ ಬಸಲಿಂಗಪ್ಪ. ಎರಡೂ ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದವು. ಮೊದಲನೆಯದು ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಮಿನ ಪೂರ್ವಭಾವನೆಯಲ್ಲಿ (ಅಲ್ಲಗಳೆಯುವವರೆಗೆ ಕೋರ್ಟ್ ನಿಜವೆಂದು ಇಟ್ಟುಕೊಳ್ಳುವುದು) ಸಾಲ ಇತ್ತು ಎಂಬುದೂ ಸೇರುತ್ತದೆ ಎನ್ನುತ್ತದೆ. ಎರಡನೆಯದು ಆರೋಪಿ ಅದನ್ನು ಹೇಗೆ ಅಲ್ಲಗಳೆಯಬಹುದು, ಸಾಲ ಕೊಟ್ಟೆ ಅನ್ನುವವರಿಗೆ ಅಷ್ಟು ಹಣ ಕೊಡುವ ಶಕ್ತಿ ಇತ್ತೇ ಎಂದು ಹೇಗೆ ನೋಡಬೇಕು ಎನ್ನುತ್ತದೆ. ಈ ಎರಡರ ನಡುವೆ ನಿಂತು ಒಂದು ತೀರ್ಪು ಬರೆದು ನೋಡಿ. ಪ್ರತಿ ವಾಕ್ಯಕ್ಕೂ ಇದು ಯಾವ ನಿಶಾನೆಯಿಂದ (ಕೋರ್ಟಿನಲ್ಲಿ ಗುರುತು ಹಾಕಿದ ದಾಖಲೆ), ಯಾವ ಸಾಕ್ಷಿಯಿಂದ ಬಂತು ಎಂದು ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಬೆಂಗಳೂರಿನ ವಕೀಲರಿಗೆ ಒಂದು ವಿಶೇಷ ತೊಂದರೆ ಇದೆ, ಇದನ್ನು ಕೋಚಿಂಗಿನಲ್ಲಿ ಯಾರೂ ಹೇಳುವುದಿಲ್ಲ. 1979ರ ಬೆಂಗಳೂರು ಸಿಟಿ ಸಿವಿಲ್ ಕೋರ್ಟ್ ಕಾಯ್ದೆಯ ಕಾರಣ ಇಲ್ಲಿ ಸಿವಿಲ್ ದಾವಾಗಳನ್ನು ನಡೆಸುವವರು ಜಿಲ್ಲಾ ನ್ಯಾಯಾಧೀಶರ ದರ್ಜೆಯವರು. ಅಂದರೆ ನೀವು ದಿನಾ ನಿಲ್ಲುವ ಕೋರ್ಟ್, ನೀವು ಮುಂದೆ ಕೂರಲಿರುವ ಕೋರ್ಟ್ ಅಲ್ಲ. ಹೊಸ ಸಿವಿಲ್ ಜಡ್ಜ್ ಹೆಚ್ಚಾಗಿ ಹೋಗುವುದು ತಾಲ್ಲೂಕಿಗೆ, ಅಲ್ಲಿ ಅವರೇ ಸಿವಿಲ್ ನ್ಯಾಯಾಧೀಶರು, ಅವರೇ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. ಬೆಳಿಗ್ಗೆ ಬಂಧಿತರ ರಿಮ್ಯಾಂಡ್, ಮಧ್ಯಾಹ್ನ ಪಾಲು ವಿಭಾಗದ ದಾವಾ. ಆದ್ದರಿಂದ ತಿಂಗಳಿಗೆ ಎರಡು ದಿನವಾದರೂ ಮೆಜೆಸ್ಟಿಕ್‌ನಿಂದ ಬಸ್ ಹತ್ತಿ ನೆಲಮಂಗಲಕ್ಕೋ ದೇವನಹಳ್ಳಿಗೋ ಆನೇಕಲ್ಲಿಗೋ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಬೆಳಿಗ್ಗೆಯಿಂದ ಸಂಜೆವರೆಗೆ ನೋಡಿ. ಕೇಸ್ ಕೂಗಿದಾಗ ಒಳಗೆ ಬರುವ ಅಜ್ಜಿ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರುತ್ತಾರೆ. ಅವರ ಜೊತೆ ಜಡ್ಜ್ ಹೇಗೆ ಮಾತಾಡುತ್ತಾರೆ, ವಕೀಲರು ಜಗಳಕ್ಕೆ ಬಿದ್ದಾಗ ಹೇಗೆ ನಿಲ್ಲಿಸುತ್ತಾರೆ, ಸಾಕ್ಷಿ ಹೇಳಿದ ಆಡುಮಾತನ್ನು ಸ್ಟೆನೊಗೆ ಹೇಗೆ ಹೇಳಿ ಬರೆಸುತ್ತಾರೆ ಇವನ್ನೆಲ್ಲ ಗಮನಿಸಿ. ನಗರದೊಳಗೆ ಇರುವ ದಿನ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ. ಸಿವಿಲ್ ಮಾತ್ರ ಮಾಡುವ ಜೂನಿಯರ್‌ಗಳು ಒಂದು ಜಾಮೀನು ಅರ್ಜಿಯನ್ನೂ ನೋಡಿರುವುದಿಲ್ಲ, ಅವರಿಗೆ ಇದು ತುಂಬಾ ಮುಖ್ಯ. ಇಷ್ಟನ್ನೂ ಮೂರು ವರ್ಷದೊಳಗೆ ಕಣ್ಣಾರೆ ನೋಡಬಹುದು. ಪುಸ್ತಕದಲ್ಲಿ ಸಿಗುವುದಿಲ್ಲ.

ಕ್ರಿಮಿನಲ್ ಕಾನೂನಿಗೆ ಈಗ ಎರಡು ಕಣ್ಣು ಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಬಂದಿವೆ. ಆದರೆ ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಐಪಿಸಿಯೇ, ಅಂಥ ಕೇಸುಗಳು ಇನ್ನೂ ಎಷ್ಟೋ ವರ್ಷ ನಡೆಯುತ್ತವೆ. ನಾನು ಮಾಡಿಸಿರುವುದು ಒಂದು ಚಿಕ್ಕ ನೋಟ್‌ಬುಕ್. ಎಡಗಡೆ ಹಳೆಯ ಕಲಮು, ಬಲಗಡೆ ಹೊಸದು. ಐಪಿಸಿಯ 420 ಈಗ 318(4), 323 ಈಗ 115(2), 34 ಈಗ 3(5), ಸಿಆರ್‌ಪಿಸಿಯ 313 ಈಗ 351, ಎವಿಡೆನ್ಸ್ ಕಾಯ್ದೆಯ 65ಬಿ ಈಗ 63. ಮುದ್ರಿತ ಪಟ್ಟಿ ಕೊಳ್ಳಬೇಡಿ. ಎರಡೂ ಕಾಯ್ದೆ ತೆರೆದಿಟ್ಟು, ಮಾತು ಎಲ್ಲಿ ಬದಲಾಗಿದೆ ಎಂದು ನೋಡುತ್ತಾ ನೀವೇ ಬರೆದರೆ ಮರೆಯುವುದಿಲ್ಲ.

ಸಮಯ ಎಲ್ಲಿಂದ ತರುವುದು ಅಂತೀರಾ? ಬೆಳಿಗ್ಗೆ ಐದರಿಂದ ಏಳೂವರೆ ಕಾಯ್ದೆ ಓದಲು. ಮೆಟ್ರೊದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದವರೆಗೆ ಬರುವಾಗ ಹಿಂದಿನ ದಿನದ ನೋಟ್ಸ್. ಕೋರ್ಟಿನಲ್ಲಿ ನಿಮ್ಮ ಕೇಸಿಗೆ ಕಾಯುವಾಗ ಬೇರೆಯವರ ಪಾಟಿ ಸವಾಲು ಕೇಳುವುದು, ಇದನ್ನು ನಾನು ಓದಿನ ಲೆಕ್ಕಕ್ಕೇ ಸೇರಿಸುತ್ತೇನೆ. ರಾತ್ರಿ ಒಂದು ಪುಟ ಅನುವಾದ. ಭಾನುವಾರ ಒಂದು ಪೂರ್ತಿ ತೀರ್ಪು, ಮೂರು ಗಂಟೆ, ಎದ್ದು ಹೋಗದೆ. ಆ ತೀರ್ಪನ್ನು ಯಾರಿಗಾದರೂ ತೋರಿಸಲೇಬೇಕು, ನಿವೃತ್ತ ನ್ಯಾಯಾಧೀಶರು ಪರಿಚಯ ಇದ್ದರೆ ಹೋಗಿ ಕೇಳಿ, ಹೆಚ್ಚಿನವರು ಪ್ರೀತಿಯಿಂದ ತಿದ್ದಿಕೊಡುತ್ತಾರೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ತಾಲ್ಲೂಕು ಕೋರ್ಟುಗಳ ತೀರ್ಪುಗಳು ಉಚಿತವಾಗಿ ಸಿಗುತ್ತವೆ. ಕೊನೆಯ ಆದೇಶ ಮುಚ್ಚಿಟ್ಟು ಸಾಕ್ಷ್ಯದ ಭಾಗ ಮಾತ್ರ ಓದಿ, ನೀವು ಏನು ಬರೆಯುತ್ತಿದ್ದಿರಿ ಎಂದು ಮೊದಲು ನಿರ್ಧರಿಸಿ, ಆಮೇಲೆ ತೆರೆದು ನೋಡಿ.

ಸಂದರ್ಶನದಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಗಳು ಕೂತಿರುತ್ತಾರೆ. ನೀವು ನಡೆಸಿದ ಕೇಸುಗಳ ಬಗ್ಗೆ ಕೇಳಬಹುದು. ನಡೆಸದೇ ಇರುವುದನ್ನು ನಡೆಸಿದೆ ಅನ್ನಬೇಡಿ, ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಸ್ವಾಮಿ" ಅಂದರೆ ಸಾಕು. ಊಹೆ ಮಾಡಿ ಹೇಳುವುದು, ಒಂದು ಮಾತು ಒತ್ತಿ ಕೇಳಿದ ತಕ್ಷಣ ಉತ್ತರ ಬದಲಿಸುವುದು ಇವು ಜಡ್ಜ್ ಆಗುವವರಲ್ಲಿ ಇರಬಾರದ ಗುಣ, ಅದನ್ನೇ ಅವರು ನೋಡುವುದು. ನಾನು ಮಾಡಿದ ತಪ್ಪು ಅದೇ. ನನ್ನ ಮೊದಲ ಉತ್ತರ ಸರಿ ಇತ್ತು, "ಹೌದಾ?" ಎಂದು ಕೇಳಿದ್ದಕ್ಕೆ ಬದಲಿಸಿದೆ. ನ್ಯಾಯಾಧೀಶರ ನಡತೆಯ ಬಗ್ಗೆ ಕೇಳಿದರೆ ನಮ್ಮ ಊರಿನ ಹೆಸರಿರುವ ಬೆಂಗಳೂರು ತತ್ವಗಳು ಗೊತ್ತಿರಲಿ. 2001ರಲ್ಲಿ ಬೇರೆ ಬೇರೆ ದೇಶದ ನ್ಯಾಯಮೂರ್ತಿಗಳು ಇಲ್ಲಿ ಸೇರಿ ಕರಡು ಮಾಡಿದರು, 2002ರಲ್ಲಿ ಹೇಗ್‌ನಲ್ಲಿ ಅಂತಿಮವಾಯಿತು. ಸ್ವಾತಂತ್ರ್ಯ, ನಿಷ್ಪಕ್ಷಪಾತ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ಸಾಮರ್ಥ್ಯ ಮತ್ತು ಶ್ರದ್ಧೆ. ಪರೀಕ್ಷೆ ಬರೆದು ಬಂದ ಜಡ್ಜ್‌ಗೂ ವೋಟು ಕೇಳಿ ಬಂದ ಜಡ್ಜ್‌ಗೂ ಅಳತೆಗೋಲು ಇದೇ ಇರಬೇಕು ಅಲ್ವಾ?

ಅರ್ಜಿ ತುಂಬುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರೇ ಎಲ್ಲ ಕಡೆ ಇರಲಿ. ನಿಮ್ಮ ಮೇಲೆ ಯಾವುದಾದರೂ ಕೇಸ್ ಇದ್ದರೆ, ಕಾಲೇಜಿನ ಪ್ರತಿಭಟನೆಯ ಹಳೆಯ ಕೇಸೇ ಆಗಿರಲಿ, ಬರೆಯಿರಿ. ಆಯ್ಕೆಯ ನಂತರ ಪೊಲೀಸ್ ಪರಿಶೀಲನೆ ಇರುತ್ತದೆ. ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ.

ವಯಸ್ಸು ಮೀರಿದವರಿಗೆ ಇನ್ನೊಂದು ಬಾಗಿಲಿದೆ. ಏಳು ವರ್ಷ ವಕೀಲಿಕೆ ಆದವರು ಸಂವಿಧಾನದ 233ನೇ ವಿಧಿಯಂತೆ ನೇರವಾಗಿ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಬರೆಯಬಹುದು. 2025ರ ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಎರಡೂ ಸೇರಿ ಏಳು ವರ್ಷ ಆಗಿರುವ ಸಿವಿಲ್ ಜಡ್ಜ್‌ಗಳೂ ಇದಕ್ಕೆ ಅರ್ಜಿ ಹಾಕಬಹುದು ಎಂದಿದೆ. ಹಾಗಾಗಿ ಅಲ್ಲಿ ಸ್ಪರ್ಧೆ ಈಗ ಜಾಸ್ತಿ.

ಆಯ್ಕೆ ಆದರೆ ಸಂಭ್ರಮದ ಮಧ್ಯೆ ಒಂದು ಕೆಲಸ ಮರೆಯಬೇಡಿ. ತರಬೇತಿಗೆ ಕ್ರೆಸೆಂಟ್ ರಸ್ತೆಯ ನ್ಯಾಯಾಂಗ ಅಕಾಡೆಮಿಗೆ ಹೋಗುವ ಮೊದಲು ನಿಮ್ಮ ಹೆಸರಿನ ವಕಾಲತ್ತು ಇರುವ ಪ್ರತಿ ಫೈಲನ್ನೂ ತೆಗೆಯಿರಿ. ಕಕ್ಷಿದಾರರಿಗೆ ಫೋನ್ ಮಾಡಿ, ಬೀದರ್‌ನವರಾದರೂ ಸರಿ. ಮುಂದಿನ ವಾಯ್ದೆ ಯಾವತ್ತು, ಇನ್ನು ಮುಂದೆ ಯಾರು ನೋಡುತ್ತಾರೆ ಎಂದು ಹೇಳಿ, ಬೇರೆ ವಕೀಲರಿಗೆ ಆಕ್ಷೇಪಣೆ ಇಲ್ಲ ಎಂದು ಬರೆದುಕೊಡಿ. ಮೂಲ ಕ್ರಯಪತ್ರ, ವಿಲ್, ಚೆಕ್ ಏನಾದರೂ ನಿಮ್ಮ ಹತ್ತಿರ ಇದ್ದರೆ ಅವರ ಕೈಗೇ ಕೊಟ್ಟು, ಪಟ್ಟಿ ಮಾಡಿ ಸಹಿ ತಗೊಳ್ಳಿ. ಬಾಕಿ ಫೀಸ್ ಇದೆ ಅಂತ ದಾಖಲೆ ಹಿಡಿದಿಡಬೇಡಿ.